ಗಿಣಿಪಾಠವೋ, ಧಾತುಪಾಠವೋ?

ಇಂಗ್ಲಿಷ್ ಕಲಿಸುವ ನಮ್ಮ ಕ್ರಮದಲ್ಲಿ ಒಂದು ಹಳೆಯ ದುಂದುಗಾರಿಕೆಯಿದೆ. ಅದು ಹಣದ ದುಂದಲ್ಲ, ಮಕ್ಕಳ ಜ್ಞಾಪಕಶಕ್ತಿಯ ದುಂದು. ಕಾಲೇಜಿಗೆ ಸೇರಿದ ಹುಡುಗನಿರಲಿ, ಉದ್ಯೋಗದ ಪರೀಕ್ಷೆಗೆ ಸಿದ್ಧಳಾಗುತ್ತಿರುವ ಹುಡುಗಿಯಿರಲಿ, ಇಂಗ್ಲಿಷಿನ ಕಠಿಣ ಶಬ್ದಗಳನ್ನು ಕಲಿಯಬೇಕೆಂದು ಹೊರಟ ಕೂಡಲೇ ಕೈಗೆ ಬರುವುದು ಒಂದು ಶಬ್ದಪಟ್ಟಿ. ಅಕಾರಾದಿಯಾಗಿ ಸಾಲುಗಟ್ಟಿ ನಿಂತ ಸಾವಿರಾರು ಶಬ್ದಗಳು. ಒಂದೊಂದರ ಎದುರಿಗೂ ಒಂದೊಂದು ಅರ್ಥ. ದಿನಕ್ಕೆ ಇಪ್ಪತ್ತರಂತೆ ಉರು ಹೊಡೆಯಬೇಕೆಂದು ಅಪ್ಪಣೆ. ಸೋಮವಾರ ಕಲಿತದ್ದು ಶನಿವಾರಕ್ಕೆ ಮರೆತುಹೋಗುತ್ತದೆ. ಭಾನುವಾರ ಮತ್ತೆ ಮೊದಲಿಂದ ಉರು. ಹಿಂದೆ ಈ ಪಟ್ಟಿ ಕಾಗದದ ಮೇಲಿತ್ತು, ಈಗ ಮೊಬೈಲಿನೊಳಗೆ ಬಂದಿದೆ. ಗಿಣಿ ಅದೇ; ಪಂಜರ ಮಾತ್ರ ಹೊಸದು.

ಅಕಾರಾದಿ ಕ್ರಮ ಹುಡುಕುವವನಿಗೆ ಅನುಕೂಲ. ಕಲಿಯುವವನಿಗೆ ಅದರಷ್ಟು ಅನರ್ಥಕಾರಿಯಾದ ಕ್ರಮ ಇನ್ನೊಂದಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಹೆಸರಿನ ಮೊದಲಕ್ಷರ ನೋಡಿ ಬೇರೆ ಬೇರೆ ಊರಿಗೆ ಅಟ್ಟಿ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರನ್ನು ಒಂದೇ ಚಾವಡಿಯಲ್ಲಿ ಕೂರಿಸಿದರೆ ಹೇಗೋ ಹಾಗೆ. 'ಸರ್ಕಮ್‌ಸ್ಪೆಕ್ಟ್' ಸಿ ಅಕ್ಷರದ ಪಾಲಾಯಿತು, 'ಇಂಟ್ರೋಸ್ಪೆಕ್ಟ್' ಐ ಅಕ್ಷರದ ಪಾಲಾಯಿತು, 'ರೆಟ್ರೋಸ್ಪೆಕ್ಟ್' ಎಲ್ಲೋ ಆರ್ ಅಕ್ಷರದ ಕೊನೆಯಲ್ಲಿ ಬಿತ್ತು. ಮೂವರೂ ಒಂದೇ ತಾಯಿಯ ಮಕ್ಕಳೆಂದು ಹುಡುಗನಿಗೆ ಯಾರೂ ಹೇಳುವುದಿಲ್ಲ. ಹೇಳಿದ್ದರೆ ಅವನು ಮೂರು ಬಾರಿ ಪಟ್ಟ ಶ್ರಮ ಒಂದೇ ಬಾರಿಗೆ ಮುಗಿಯುತ್ತಿತ್ತು.

ಇಂಗ್ಲಿಷಿನ ಉನ್ನತ ಶಬ್ದಭಂಡಾರವನ್ನು ಅದರ ಲ್ಯಾಟಿನ್ ಧಾತುಗಳ ಮೂಲಕ ಕಲಿಸಬೇಕು ಎಂಬುದು ಈ ಲೇಖನದ ವಾದ. ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಬೇರೆ ದೇಶಗಳಲ್ಲಿ ಇದನ್ನು ಹೇಳಿದವರು ಬಹಳ ಮಂದಿ. ನಾನು ಹೇಳಬೇಕೆಂದಿರುವುದು ಇನ್ನೊಂದು ಹೆಜ್ಜೆ ಮುಂದಿನ ಮಾತು. ಈ ಹಾದಿಯಲ್ಲಿ ಕನ್ನಡ ಬಲ್ಲ ವಿದ್ಯಾರ್ಥಿ ಯಾರಿಗಿಂತಲೂ ಹಿಂದಿಲ್ಲ. ಕನ್ನಡದಲ್ಲಿ ಓದಿದವನೆಂಬ ಕಾರಣಕ್ಕೇ ಅವನ ಜೇಬಿನಲ್ಲಿ ಬೀಗದ ಕೈಯಿದೆ. ಅದನ್ನು ಅವನಿಗೆ ತೋರಿಸದೆ, ಬಾಗಿಲಿಗೆ ತಲೆ ಚಚ್ಚಿಕೋ ಎಂದು ಹೇಳುತ್ತಿರುವವರು ನಾವು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರೆಂಬ ಗಾದೆ ನಮಗೇ ಹುಟ್ಟಿದ್ದು.

ಮೊದಲು ಇಂಗ್ಲಿಷ್ ಎಂಬ ಮನೆಯನ್ನು ನೋಡೋಣ. ಅದು ಎರಡಂತಸ್ತಿನ ಮನೆ. ಕೆಳಗಿನ ಅಂತಸ್ತಿನಲ್ಲಿ ಆಂಗ್ಲೋ-ಸ್ಯಾಕ್ಸನ್ ಜನರ ಮನೆಮಾತಿನ ಶಬ್ದಗಳು: ವಾಟರ್, ಟೂತ್, ಮದರ್, ಈಟ್, ಸ್ಲೀಪ್. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಸ್ಥಾನಗಳ ಮಾತು ಫ್ರೆಂಚ್ ಆಯಿತು. ಮಠದ ಹಾಗೂ ವಿದ್ವಾಂಸರ ಮಾತು ಮೊದಲಿನಿಂದಲೂ ಲ್ಯಾಟಿನ್. ಹದಿನಾರನೆಯ ಶತಮಾನದಲ್ಲಿ ಹೊಸ ವಿದ್ಯೆಯ ಉತ್ಸಾಹ ಹಬ್ಬಿದಾಗ ಪಂಡಿತರು ಲ್ಯಾಟಿನ್ ಶಬ್ದಗಳನ್ನು ಗಾಡಿಗಟ್ಟಲೆ ತಂದು ಸುರಿದರು. ಫ್ರೆಂಚ್ ಕೂಡ ಲ್ಯಾಟಿನ್ನಿನ ಮಗಳೇ ಆದ್ದರಿಂದ ಎರಡು ಬಾಗಿಲುಗಳಿಂದ ಬಂದದ್ದು ಒಂದೇ ಸರಕು. 1973ರಲ್ಲಿ ಫಿಂಕನ್‌ಸ್ಟೆಡ್ ಮತ್ತು ವುಲ್ಫ್ ಎಂಬಿಬ್ಬರು ವಿದ್ವಾಂಸರು ಷಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಸುಮಾರು 80,000 ಶಬ್ದಗಳ ಮೂಲವನ್ನು ಎಣಿಸಿದರು. ಲ್ಯಾಟಿನ್ನಿನಿಂದ ನೇರವಾಗಿ ಬಂದವು ನೂರಕ್ಕೆ 28, ಫ್ರೆಂಚಿನ ಮೂಲಕ ಬಂದವು ನೂರಕ್ಕೆ 28, ಗ್ರೀಕ್ ನೂರಕ್ಕೆ 5. ಇಂಗ್ಲಿಷಿನ ಸ್ವಂತ ಬಳಗವಾದ ಜರ್ಮ್ಯಾನಿಕ್ ಶಬ್ದಗಳು ನೂರಕ್ಕೆ 25. ಅಂಗಡಿ ಬೀದಿಯ ಮಾತಿಗೆ ಕೆಳಗಿನ ಅಂತಸ್ತು ಸಾಕು. ನ್ಯಾಯಾಲಯ, ಆಸ್ಪತ್ರೆ, ಬ್ಯಾಂಕು, ವಿಜ್ಞಾನ, ತತ್ತ್ವಶಾಸ್ತ್ರ ಇವೆಲ್ಲ ಇರುವುದು ಮೇಲಿನ ಅಂತಸ್ತಿನಲ್ಲಿ.

ಈ ಮೆಟ್ಟಿಲು ಇಂಗ್ಲಿಷರಿಗೂ ಸುಲಭವಾಗಿರಲಿಲ್ಲ ಎಂಬುದನ್ನು ನಮ್ಮವರು ಅರಿಯಬೇಕು. ಹದಿನಾರನೆಯ ಶತಮಾನದಲ್ಲೇ ಕೇಂಬ್ರಿಜ್ಜಿನ ಗ್ರೀಕ್ ಪ್ರಾಧ್ಯಾಪಕ ಸರ್ ಜಾನ್ ಚೀಕ್ ಈ ಪರಕೀಯ ಶಬ್ದಗಳ ಸಾಲ ಬೇಡವೆಂದು ವಾದಿಸಿದ. ಬೈಬಲಿನ ಒಂದು ಭಾಗವನ್ನು ಅನುವಾದಿಸುವಾಗ 'ಸೆಂಚೂರಿಯನ್' ಎಂಬುದರ ಬದಲಿಗೆ 'ಹಂಡ್ರೆಡರ್' ಎಂದು ಬರೆದ. ಅವನ ಮಾತು ನಡೆಯಲಿಲ್ಲ. 1604ರಲ್ಲಿ ರಾಬರ್ಟ್ ಕಾಡ್ರಿ ಎಂಬ ಶಾಲಾಮಾಸ್ತರ ಪ್ರಕಟಿಸಿದ ಪುಸ್ತಕವನ್ನು ಇಂಗ್ಲಿಷಿನ ಮೊದಲ ಏಕಭಾಷಾ ನಿಘಂಟು ಎನ್ನುತ್ತಾರೆ. ಅದರಲ್ಲಿದ್ದುದು ಸುಮಾರು 2,500 ಶಬ್ದಗಳು. ಎಲ್ಲವೂ 'ಕಠಿಣ' ಶಬ್ದಗಳು, ಬಹುಪಾಲು ಲ್ಯಾಟಿನ್ ಮೂಲದವು. ಲ್ಯಾಟಿನ್ ಕಲಿಯುವ ಅವಕಾಶವಿಲ್ಲದ ಹೆಂಗಸರಿಗೂ ಪಾಂಡಿತ್ಯವಿಲ್ಲದ ಇತರರಿಗೂ ಸಹಾಯವಾಗಲೆಂದು ಮಾಡಿದ್ದೆಂದು ಅದರ ಮುಖಪುಟವೇ ಸಾರುತ್ತಿತ್ತು. ಎಂದರೆ ಇಂಗ್ಲಿಷರ ಮನೆಯ ಮಕ್ಕಳಿಗೇ ಇಂಗ್ಲಿಷಿನ ಮಾಳಿಗೆಗೆ ಪ್ರವೇಶವಿರಲಿಲ್ಲ. 1985ರಲ್ಲಿ ಡೇವಿಡ್ ಕಾರ್ಸನ್ ಎಂಬ ವಿದ್ವಾಂಸರು 'ದಿ ಲೆಕ್ಸಿಕಲ್ ಬಾರ್' ಎಂಬ ಗ್ರಂಥದಲ್ಲಿ ಇದೇ ಮಾತನ್ನು ಶಾಲೆಗಳಿಗೆ ಅನ್ವಯಿಸಿದರು: ಗ್ರೀಕ್-ಲ್ಯಾಟಿನ್ ಮೂಲದ ಶಬ್ದಗಳು ಕೂಲಿಕಾರರ ಮಕ್ಕಳ ಮುಂದೆ ಅಡ್ಡಗೋಲಿನಂತೆ ನಿಂತು, ಅವರನ್ನು ಮೇಲಿನ ತರಗತಿಗಳಿಂದ ಹೊರಗಿಡುತ್ತವೆ. ಅಡ್ಡಗೋಲು ಬುದ್ಧಿಯದಲ್ಲ, ಶಬ್ದದ್ದು.

ಈಗ ನಮ್ಮ ಮನೆಗೆ ಬನ್ನಿ. ಕನ್ನಡವೂ ಎರಡಂತಸ್ತಿನ ಮನೆಯೇ ಅಲ್ಲವೆ? ಕುಡಿಯುವುದು ನೀರು, ಕಟ್ಟಿಸುವುದು ಜಲಾಶಯ. ನೋಯುವುದು ಹಲ್ಲು, ಕೀಳುವವನು ದಂತವೈದ್ಯ. ಕೂಗುವುದು ತಾಯಿಯನ್ನು, ಅಭಿಮಾನಪಡುವುದು ಮಾತೃಭಾಷೆಯ ವಿಷಯದಲ್ಲಿ. ಕೆಂಪಾಗುವುದು ಕಣ್ಣು, ದಾನ ಮಾಡುವುದು ನೇತ್ರ. ಕೆಳಗೆ ಅಚ್ಚಗನ್ನಡ, ಮೇಲೆ ಸಂಸ್ಕೃತ. ಇಂಗ್ಲಿಷಿನಲ್ಲಿಯೂ ಚಾಚೂ ತಪ್ಪದೆ ಇದೇ ವ್ಯವಸ್ಥೆ. ಕುಡಿಯುವುದು ವಾಟರ್, ಮೀನು ಸಾಕುವ ಗಾಜಿನ ತೊಟ್ಟಿ ಅಕ್ವೇರಿಯಮ್. ನೋಯುವುದು ಟೂತ್, ವೈದ್ಯ ಡೆಂಟಿಸ್ಟ್. ಕೂಗುವುದು ಮದರ್, ಆಸ್ಪತ್ರೆಯ ಹೆರಿಗೆ ವಿಭಾಗ ಮೆಟರ್ನಿಟಿ. 'ಹಲ್ಲುವೈದ್ಯ' ಎನ್ನದೆ 'ದಂತವೈದ್ಯ' ಎಂದೇಕೆ ಹೇಳುತ್ತೇವೆಂದು ಕನ್ನಡದ ಮಗು ಎಂದೂ ಕೇಳುವುದಿಲ್ಲ. ಅದು ಎರಡಂತಸ್ತಿನಲ್ಲಿ ಹುಟ್ಟಿ ಬೆಳೆದ ಮಗು. ಇಂಥ ಮಗುವಿಗೆ 'ಡೆಂಟಲ್' ಎಂಬುದನ್ನು ಹೊಸ ಸಂಗತಿಯೆಂಬಂತೆ ಉರು ಹೊಡೆಸುವುದು ಎಂಥ ಪಾಂಡಿತ್ಯ!

ಇನ್ನು ಶಬ್ದ ಕಟ್ಟುವ ರೀತಿ. ಒಂದೇ ಧಾತುವಿನ ಹಿಂದೆ ಉಪಸರ್ಗ ಬದಲಾದರೆ ಅರ್ಥ ಹೇಗೆ ಬದಲಾಗುತ್ತದೆಂಬುದಕ್ಕೆ ನಮ್ಮ ಹಳೆಯ ವೈಯಾಕರಣರು ಕೊಡುತ್ತಿದ್ದ ಉದಾಹರಣೆ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ. ಅದು ಪ್ರಸಿದ್ಧವಾದದ್ದು, ಅದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳುತ್ತೇನೆ. ಸಂಸ್ಕೃತದಲ್ಲಿ 'ಈಕ್ಷ್' ಎಂದರೆ ನೋಡು. ಅದರಿಂದ ಹುಟ್ಟಿದ ಪರೀಕ್ಷೆ, ನಿರೀಕ್ಷೆ, ಸಮೀಕ್ಷೆ, ಉಪೇಕ್ಷೆ, ಅಪೇಕ್ಷೆ, ವೀಕ್ಷಕ, ಪ್ರೇಕ್ಷಕ ಇವು ಪತ್ರಿಕೆ ಓದುವ ಯಾವ ಕನ್ನಡಿಗನಿಗೂ ಹೊಸವಲ್ಲ. ಲ್ಯಾಟಿನ್ನಿನಲ್ಲಿ 'ಸ್ಪೆಕ್' ಎಂದರೆ ನೋಡು. ಈಗ ಎರಡನ್ನೂ ಪಕ್ಕದಲ್ಲಿ ಇಡಿ. 'ನಿರ್' ಎಂದರೆ ಹೊರಗೆ. ಹೊರಗೆ ಕಣ್ಣಿಟ್ಟು ದಾರಿ ನೋಡುವುದು ನಿರೀಕ್ಷೆ. ಲ್ಯಾಟಿನ್ನಿನ 'ಎಕ್ಸ್' ಎಂದರೂ ಹೊರಗೆ; ಹೊರಗೆ ನೋಡುವುದು ಎಕ್ಸ್‌ಪೆಕ್ಟ್. ರೋಮಿನವನೂ ನಮ್ಮವನೂ ಬರುವವರಿಗಾಗಿ ಬಾಗಿಲಲ್ಲಿ ನಿಂತು ಹೊರಗೆ ಇಣುಕಿದ್ದರಿಂದಲೇ ಎರಡು ಶಬ್ದಗಳೂ ಹುಟ್ಟಿದವು! ನೋಡುವವನು ಪ್ರೇಕ್ಷಕ, ನೋಡುವವನು ಸ್ಪೆಕ್ಟೇಟರ್. ಒಳಹೊಕ್ಕು ನೋಡಿದರೆ ಇನ್‌ಸ್ಪೆಕ್ಟ್. ತಿರುಗಿ ನೋಡುವಷ್ಟು ದೊಡ್ಡ ಮನುಷ್ಯನಾದರೆ ರೆಸ್ಪೆಕ್ಟ್. ಕೆಳಗಣ್ಣಿನಿಂದ ನೋಡಿದರೆ ಸಸ್ಪೆಕ್ಟ್. ಕೀಳಾಗಿ ಕಂಡರೆ ಡಿಸ್ಪೈಸ್. ಹಾಗೆ ಕಾಣಲು ಯೋಗ್ಯನಾದವನು ಡೆಸ್ಪಿಕಬಲ್. ಸುತ್ತಲೂ ನೋಡಿ ಹೆಜ್ಜೆ ಇಡುವವನು ಸರ್ಕಮ್‌ಸ್ಪೆಕ್ಟ್. ಎಲ್ಲರ ಕಣ್ಣಿಗೂ ಬೀಳುವಂಥದು ಕನ್‌ಸ್ಪಿಕ್ಯುಅಸ್. ಒಂಬತ್ತು ಶಬ್ದ ಉರು ಹೊಡೆಯಲು ಬೇಕಾಗುತ್ತಿದ್ದ ವಾರದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಹತ್ತನೆಯ ಶಬ್ದ ಎದುರಾದಾಗ ಹುಡುಗ ಹೆದರುವುದೂ ಇಲ್ಲ.

ಲ್ಯಾಟಿನ್ ಉಪಸರ್ಗಗಳು ವೇಷ ಮರೆಸಿಕೊಳ್ಳುತ್ತವೆ, ಮಕ್ಕಳು ಗುರುತಿಸಲಾರರು ಎಂದು ಕೆಲವರು ಹೇಳುತ್ತಾರೆ. ವೇಷವೇನೋ ನಿಜ. 'ಆಡ್' ಎಂಬ ಉಪಸರ್ಗ ಅಕ್ಸೆಪ್ಟ್‌ನಲ್ಲಿ 'ಅಕ್', ಅಫೆಕ್ಟ್‌ನಲ್ಲಿ 'ಅಫ್', ಅಟ್ರ್ಯಾಕ್ಟ್‌ನಲ್ಲಿ 'ಅಟ್'. ಇಲ್ಲವೆಂಬರ್ಥದ 'ಇನ್' ಎಂಬುದು ಇಲ್ಲೀಗಲ್, ಇಮ್ಮಾರ್ಟಲ್, ಇರ್ರೆಗ್ಯುಲರ್ ಎಂದು ಮೂರು ರೂಪ ತಾಳುತ್ತದೆ. ಆದರೆ ಸತ್ ಎಂಬುದು ಜನದ ಮುಂದೆ ಸಜ್ಜನವಾಗುವುದನ್ನೂ, ಉತ್ ಎಂಬುದು ಲೇಖದ ಮುಂದೆ ಉಲ್ಲೇಖವಾಗುವುದನ್ನೂ, ಜಗತ್ ಎಂಬುದು ನಾಥನ ಮುಂದೆ ಜಗನ್ನಾಥವಾಗುವುದನ್ನೂ ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಓದಿ, ಬಿಡಿಸಿ ಬರೆದು ಅಂಕ ಗಳಿಸಿದ ಮಗುವಿಗೆ ಇದು ಹೊಸ ವಿದ್ಯೆಯೆ? ಕನ್ನಡದ ತರಗತಿಯಲ್ಲಿ ಕಲಿಸಿದ ಸಂಧಿಯನ್ನು ಇಂಗ್ಲಿಷ್ ತರಗತಿಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಬಾ ಎನ್ನುತ್ತೇವೆ. ತಪ್ಪು ಲ್ಯಾಟಿನ್ನಿನದಲ್ಲ.

ರೀತಿಯಷ್ಟೇ ಅಲ್ಲ, ರಕ್ತಸಂಬಂಧವೂ ಇದೆ. 1786ರಲ್ಲಿ ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹುಟ್ಟಿದವಾಗಿರಬೇಕೆಂದು ಸಾರಿದರು. ಆ ಮೇಲೆ ಬಂದ ವಿದ್ವಾಂಸರು ಅದನ್ನು ಧ್ವನಿನಿಯಮಗಳ ಮೂಲಕ ಸ್ಥಾಪಿಸಿದರು. ಮನೆಯ ಗೋಡೆಯ ಕ್ಯಾಲೆಂಡರನ್ನೇ ನೋಡಿ: ಸೆಪ್ಟೆಂಬರಿನಲ್ಲಿ ಸಪ್ತ, ಅಕ್ಟೋಬರಿನಲ್ಲಿ ಅಷ್ಟ, ನವೆಂಬರಿನಲ್ಲಿ ನವ, ಡಿಸೆಂಬರಿನಲ್ಲಿ ದಶ. ರೋಮನರ ಹಳೆಯ ವರ್ಷ ಮಾರ್ಚಿಯಿಂದ ಮೊದಲಾಗುತ್ತಿದ್ದುದರಿಂದ ಈ ಎಣಿಕೆ. ಪೋಸ್ಟ್‌ಮಾರ್ಟಮ್ ಎಂಬುದನ್ನು ಹಳ್ಳಿಯ ಮುದುಕಿಯೂ ಬಲ್ಲಳು. ನಮ್ಮವರು ಅದನ್ನು ಮರಣೋತ್ತರ ಪರೀಕ್ಷೆ ಎಂದು ಕರೆದರು. 'ಪೋಸ್ಟ್' ಎಂದರೆ ಉತ್ತರ, 'ಮಾರ್ಟಮ್' ಎಂದರೆ ಮರಣ; ಮಾರ್ಟ್, ಮೃತ ಎರಡೂ ಒಂದೇ ಬೇರಿನವು. ಆ ಬೇರು ತಿಳಿದವನಿಗೆ ಮಾರ್ಟಲ್, ಮಾರ್ಚುಅರಿ, ಅಮರವೆಂಬರ್ಥದ ಇಮ್ಮಾರ್ಟಲ್ ಇವೆಲ್ಲ ತಾವಾಗಿ ಒಲಿಯುತ್ತವೆ. ರೈತರು ಹೊಲವನ್ನು ಅಡವಿಟ್ಟು ಸಹಿ ಹಾಕುವ 'ಮಾರ್ಟ್‌ಗೇಜ್' ಪತ್ರದಲ್ಲಿ 'ಸತ್ತ ಒತ್ತೆ' ಎಂಬ ಭಯಂಕರವಾದ ಮಾತು ಅಡಗಿರುವುದೂ ಕಾಣುತ್ತದೆ. ನಂಬಿಕೆಯೆಂಬರ್ಥದ ಲ್ಯಾಟಿನ್ ಕ್ರಿಯಾಪದ 'ಕ್ರೇದೋ' ನಮ್ಮ 'ಶ್ರದ್ಧೆ'ಯ ಒಡಹುಟ್ಟು. ಕ್ರೆಡಿಟ್, ಕ್ರೆಡಿಬಲ್, ಕ್ರೆಡ್ಯುಲಸ್, ಇನ್‌ಕ್ರೆಡ್ಯುಲಸ್ ಎಲ್ಲವೂ ಅದರ ಮಕ್ಕಳು. ಬ್ಯಾಂಕು ಕೊಡುವ ಕ್ರೆಡಿಟ್ ಎಂದರೆ ನಮ್ಮ ಮೇಲಿನ ಶ್ರದ್ಧೆಯೇ. ಅದು ಎಷ್ಟು ಗಟ್ಟಿಯೆಂಬುದು ಕಂತು ತಪ್ಪಿದಾಗ ತಿಳಿಯುತ್ತದೆ.

ಇಷ್ಟು ಹೇಳಿದ ಕೂಡಲೇ ಒಂದು ಗುಂಪಿನವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅವರ ಚಪ್ಪಾಳೆ ನನಗೆ ಬೇಡ. ಸಂಸ್ಕೃತವೇ ಎಲ್ಲ ಭಾಷೆಗಳ ತಾಯಿ, 'ನೌಗತಿ'ಯೇ ನ್ಯಾವಿಗೇಷನ್ ಆಯಿತು ಎಂದು ಸಾರುವವರು ಇವರು. ನ್ಯಾವಿಗೇಷನ್ ಎಂಬುದು ಹಡಗೆಂಬರ್ಥದ 'ನಾವಿಸ್' ಮತ್ತು ನಡೆಸು ಎಂಬರ್ಥದ 'ಅಗೆರೆ' ಸೇರಿ ಲ್ಯಾಟಿನ್ನಿನಲ್ಲೇ ಹುಟ್ಟಿದ ಶಬ್ದ. ನಾವಿಸ್, ನೌ ಒಡಹುಟ್ಟಿದವು ಎಂಬುದು ಸತ್ಯ. ಒಂದು ಇನ್ನೊಂದರ ಮಗಳೆಂಬುದು ಸುಳ್ಳು. 'ಗತಿ'ಗೂ ಅದಕ್ಕೂ ಸಂಬಂಧವೇ ಇಲ್ಲ. ದನಿ ಕೇಳಿ ನೆಂಟಸ್ತನ ಹೇಳುವುದು ಶಾಸ್ತ್ರವಲ್ಲ: ಇಂಗ್ಲಿಷಿನ 'ಡೇ'ಗೂ ಲ್ಯಾಟಿನ್ನಿನ 'ದಿಯೆಸ್'ಗೂ ಅರ್ಥ ಒಂದೇ, ದನಿಯೂ ಹತ್ತಿರ, ಆದರೂ ಅವು ನೆಂಟರಲ್ಲ. ಇನ್ನು ಕನ್ನಡವಂತೂ ಆ ಕುಟುಂಬಕ್ಕೇ ಸೇರಿದ್ದಲ್ಲ. ದಕ್ಷಿಣದ ಭಾಷೆಗಳ ಬಳಗವೇ ಬೇರೆಯೆಂದು ಮದರಾಸಿನ ಎಲ್ಲಿಸ್ 1816ರಲ್ಲೇ ತೋರಿಸಿದ್ದರು. 1856ರಲ್ಲಿ ಕಾಲ್ಡ್‌ವೆಲ್ಲರ ವ್ಯಾಕರಣ ಅದನ್ನು ದೃಢಪಡಿಸಿತು. ಲ್ಯಾಟಿನ್ನಿನೊಡನೆ ನಮಗಿರುವ ನೆಂಟಸ್ತನ ನಾವು ಸಾಲ ತಂದ ಸಂಸ್ಕೃತ ಶಬ್ದಗಳ ಮೂಲಕ ಬಂದದ್ದು. ಸಾಲದ ನೆಂಟಸ್ತನವೂ ಕೆಲಸಕ್ಕೆ ಬರುತ್ತದೆ. ಅದನ್ನು ಹೆಮ್ಮೆಯ ಬಾವುಟ ಮಾಡಿದರೆ ಕೆಲಸ ಕೆಡುತ್ತದೆ.

ಎದುರು ವಾದಗಳಿಗೆ ಬರೋಣ. ಲ್ಯಾಟಿನ್ ಸತ್ತ ಭಾಷೆ, ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳೇ 1960ರಲ್ಲಿ ಪ್ರವೇಶಕ್ಕೆ ಲ್ಯಾಟಿನ್ ಬೇಕೆಂಬ ನಿಯಮವನ್ನು ಕೈಬಿಟ್ಟಿರುವಾಗ ನಮ್ಮ ಮಕ್ಕಳ ತಲೆಗೆ ಅದನ್ನೇಕೆ ಕಟ್ಟಬೇಕು ಎನ್ನುತ್ತಾರೆ. ಯಾರೂ ಲ್ಯಾಟಿನ್ ಭಾಷೆಯನ್ನು ಕಲಿಸಿರೆಂದು ಕೇಳುತ್ತಿಲ್ಲ. ವಿಭಕ್ತಿ ಬೇಡ, ಆಖ್ಯಾತ ಬೇಡ, ಸಿಸೆರೋ ಬೇಡ. ಮೂವತ್ತು ನಲವತ್ತು ಧಾತು, ಇಪ್ಪತ್ತು ಉಪಸರ್ಗ, ಅಷ್ಟೇ. ಪಾಣಿನಿಯ ಪರಂಪರೆಯ ಧಾತುಪಾಠದಲ್ಲಿ ಸುಮಾರು 2,000 ಧಾತುಗಳಿವೆ. ನಮ್ಮ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದಾಗ ಧಾತುಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಅಂಥ ನಾಡಿನವರು ನಲವತ್ತಕ್ಕೆ ಹೆದರಬೇಕೆ? ಈ ಹಾದಿ ನಡೆಯಬಲ್ಲದೆಂಬುದಕ್ಕೆ ನಮ್ಮ ಕಚೇರಿಗಳೇ ಸಾಕ್ಷಿ. ಪೋಸ್ಟ್‌ಪೋನ್ ಎಂದರೆ ಮುಂದಕ್ಕೆ ಹಾಕುವುದಾದರೆ, ಗೊತ್ತಾದ ದಿನಕ್ಕಿಂತ ಮೊದಲೇ ನಡೆಸುವುದು ಪ್ರೀಪೋನ್ ಏಕಾಗಬಾರದೆಂದು ಭಾರತದ ಯಾವನೋ ಗುಮಾಸ್ತ ಯೋಚಿಸಿದ. ಅವನು ಲ್ಯಾಟಿನ್ ಓದಿರಲಾರ. ಆದರೂ ಅವನ ಕೈಯಲ್ಲಿ ಆ ಭಾಷೆಯ ಕೀಲು ಸರಿಯಾಗಿ ತಿರುಗಿತು. ನಕ್ಕವರು ನಕ್ಕರು, ಇಂದು ಆ ಶಬ್ದ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ.

ಧಾತುಗಳಿಂದ ಶಬ್ದ ಕಲಿಸುವ ಪುಸ್ತಕಗಳು ಬೇಕಾದಷ್ಟಿವೆಯಲ್ಲ ಎನ್ನಬಹುದು. ಇವೆ. ನಾರ್ಮನ್ ಲೂಯಿಸ್ 1949ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ 'ವರ್ಡ್ ಪವರ್ ಮೇಡ್ ಈಸಿ' ನಮ್ಮ ಪುಸ್ತಕದಂಗಡಿಗಳಲ್ಲಿ ಇಂದಿಗೂ ಎದ್ದು ಕಾಣುತ್ತದೆ. ಒಳ್ಳೆಯ ಪುಸ್ತಕವೇ. ಆದರೆ ಅದು ಇಂಗ್ಲಿಷ್ ಮನೆಮಾತಿನವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅವರಿಗೆ 'ಡೆಂಟ್' ಹೊಸದು, 'ಮಾರ್ಟ್' ಹೊಸದು. ನಮ್ಮ ಹುಡುಗ ದಂತವನ್ನೂ ಮೃತವನ್ನೂ ಬಲ್ಲವನು. ಅವನೂ ಅದೇ ಪುಸ್ತಕದಲ್ಲಿ ಅವರಂತೆಯೇ ಸೊನ್ನೆಯಿಂದ ಮೊದಲು ಮಾಡುತ್ತಾನೆ. ಹತ್ತಿರದ ಹಾದಿಯಿದ್ದೂ ನಾವು ಅವನನ್ನು ಅಮೆರಿಕದ ಮೇಲೆ ಸುತ್ತಿಸಿ ಕರೆತರುತ್ತಿದ್ದೇವೆ.

ಇನ್ನೊಂದು ಆಕ್ಷೇಪ ತೂಕದ್ದು: ಧಾತು ನಂಬಿದವನು ಮೋಸಹೋಗುತ್ತಾನೆ. 'ಇನ್‌ಫ್ಲಾಮಬಲ್' ಎಂದರೆ ಬೆಂಕಿ ಹೊತ್ತಿಕೊಳ್ಳುವಂಥದು. ಅದರ 'ಇನ್' ಎಂಬುದನ್ನು ನಿಷೇಧವೆಂದು ತಿಳಿದವನು ಜೀವಕ್ಕೇ ಅಪಾಯ ತಂದುಕೊಳ್ಳಬಹುದು. ಅದಕ್ಕಾಗಿಯೇ ಎಚ್ಚರಿಕೆಯ ಫಲಕಗಳಲ್ಲಿ 'ಫ್ಲಾಮಬಲ್' ಎಂದು ಬರೆಯುವ ರೂಢಿ ಬಂತು. 'ಪೆಡೆಸ್ಟ್ರಿಯನ್'ನಲ್ಲಿರುವುದು ಲ್ಯಾಟಿನ್ನಿನ ಪಾದ. 'ಪೆಡಗಾಗ್'ನಲ್ಲಿರುವುದು ಗ್ರೀಕಿನ ಮಗು. 'ಎಗ್ರೀಜಿಯಸ್' ಎಂದರೆ ಹಿಂಡಿನಿಂದ ಎದ್ದು ಕಾಣುವಂಥದು. ಒಂದು ಕಾಲಕ್ಕೆ ಹೊಗಳಿಕೆ, ಇಂದು ಬೈಗುಳ. ಎಲ್ಲವೂ ನಿಜ. ಆದರೆ ಈ ಕಾಯಿಲೆಗೆ ಮದ್ದು ನಮ್ಮ ಶಾಸ್ತ್ರಕಾರರಲ್ಲೇ ಇದೆ. ಅವಯವಗಳಿಂದ ಬರುವ ಅರ್ಥ ಯೋಗ, ಬಳಕೆಯಿಂದ ಬರುವ ಅರ್ಥ ರೂಢಿ, ಎರಡೂ ಕೂಡಿದ್ದು ಯೋಗರೂಢಿ ಎಂದು ಅವರು ವಿಂಗಡಿಸಿದರು. ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜವಲ್ಲ. ತಾವರೆ ಮಾತ್ರ ಪಂಕಜ, ಹುಳು ಅಲ್ಲ. ಗವೇಷಣೆ ಎಂದರೆ ಮೂಲದಲ್ಲಿ ಹಸುವನ್ನು ಅರಸುವುದು. ಇಂದು ವಿಶ್ವವಿದ್ಯಾನಿಲಯದಲ್ಲಿ ಗವೇಷಣೆ ನಡೆಸುವವರು ಹಸು ಹುಡುಕುತ್ತಿಲ್ಲ. ಪರೀಕ್ಷೆ ಎಂದರೂ ಸುತ್ತಲೂ ನೋಡುವುದು, ಸರ್ಕಮ್‌ಸ್ಪೆಕ್ಟ್ ಎಂದರೂ ಸುತ್ತಲೂ ನೋಡುವುದು. ಒಂದು ಶಾಲೆಯ ಕಷ್ಟವಾಯಿತು, ಇನ್ನೊಂದು ಜಾಣರ ಎಚ್ಚರವಾಯಿತು. ಧಾತು ಶಬ್ದದ ನೆನಪಿಗೆ ಗೂಟ. ಅರ್ಥದ ಕೊನೆಯ ತೀರ್ಪು ಬಳಕೆಯದು. ಇದನ್ನು ಮೊದಲ ದಿನವೇ ಹೇಳಿಕೊಟ್ಟರೆ ಮೋಸವಿಲ್ಲ.

ಮಾತುಕತೆಯ ಇಂಗ್ಲಿಷಿಗೆ ಧಾತು ಏಕೆ ಎನ್ನುವವರೊಡನೆ ನನಗೆ ಜಗಳವಿಲ್ಲ. ಗೆಟ್, ಪುಟ್, ಟೇಕ್ ಮುಂತಾದ ಪುಟ್ಟ ಶಬ್ದಗಳ ಅವತಾರಗಳನ್ನು ಯಾವ ಧಾತುಪಾಠವೂ ಕಲಿಸಲಾರದು. ಅವು ಕೇಳಿ, ಆಡಿ, ಓದಿ ಬರಬೇಕಾದವು. ನನ್ನ ಮಾತು ಮಾಳಿಗೆಗೆ ಸಂಬಂಧಿಸಿದ್ದು.

ಉಳಿದದ್ದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಕನ್ನಡದ ಮಾಳಿಗೆಯಾದರೂ ಎಲ್ಲರಿಗೂ ತೆರೆದಿದೆಯೆ? ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ 'ಈಕ್ಷ್' ಕೂಡ 'ಸ್ಪೆಕ್'ನಷ್ಟೇ ಪರಕೀಯ. ವಿಜ್ಞಾನದ ಪಾಠದಲ್ಲಿ ಕನ್ನಡದ ಮಗು 'ದ್ಯುತಿಸಂಶ್ಲೇಷಣೆ' ಎಂದು ಉರು ಹೊಡೆಯುತ್ತದೆ, ಇಂಗ್ಲಿಷ್ ಮಾಧ್ಯಮದ ಮಗು 'ಫೋಟೋಸಿಂಥೆಸಿಸ್' ಎಂದು ಉರು ಹೊಡೆಯುತ್ತದೆ. ಒಂದು ಸಂಸ್ಕೃತ, ಇನ್ನೊಂದು ಗ್ರೀಕ್. ಇಬ್ಬರಿಗೂ ಅದು ಬರಿಯ ಸದ್ದು. ದ್ಯುತಿ, ಫೋಟೋ ಎರಡೂ ಬೆಳಕು, ಸಂ, ಸಿನ್ ಎರಡೂ ಒಟ್ಟಿಗೆ, ಉಳಿದದ್ದು ಜೋಡಿಸುವುದು. ಬೆಳಕಿನಿಂದ ಕೂಡಿಸುವ ಕೆಲಸ ಎಂದು ಎರಡು ನಿಮಿಷದಲ್ಲಿ ಹೇಳಿಬಿಟ್ಟರೆ ಎರಡು ಬೀಗಗಳೂ ಒಟ್ಟಿಗೆ ತೆರೆಯುತ್ತವೆ. ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧಕ್ಕೆ ಇಂಗ್ಲಿಷಿನಲ್ಲಿ 'ಕಾಗ್ನಿಜಬಲ್' ಎನ್ನುತ್ತಾರೆ, ಕನ್ನಡದಲ್ಲಿ 'ಸಂಜ್ಞೇಯ' ಎನ್ನುತ್ತಾರೆ. ಒಂದರಲ್ಲಿ 'ಗ್ನೋ', ಇನ್ನೊಂದರಲ್ಲಿ 'ಜ್ಞಾ'. ಒಂದೇ ಬೇರು, ಅರಿವೆಂಬ ಬೇರು. ಠಾಣೆಯ ಮುಂದೆ ನಿಂತ ಬಡವನಿಗೆ ಮಾತ್ರ ಎರಡರಿಂದಲೂ ಯಾವ ಅರಿವೂ ಬರುವುದಿಲ್ಲ.

ಹಾಗಾದರೆ ಸಂಸ್ಕೃತದ ಸಂಪರ್ಕವಿಲ್ಲದ ಮಗುವಿಗೆ ಬೀಗದ ಕೈ ಇಲ್ಲವೆ? ಇದೆ, ಅದು ಅಚ್ಚಗನ್ನಡದಲ್ಲಿದೆ. ಮುಂಗಾರು, ಹಿಂಗಾರು ಎಂದು ಬಲ್ಲ ರೈತನ ಮಗುವಿಗೆ 'ಪ್ರೀ', 'ಪೋಸ್ಟ್' ಎಂಬುದರಲ್ಲಿ ಕಷ್ಟವೇನು? ಮುನ್ನೋಟ, ಹಿನ್ನೋಟ, ಒಳನೋಟ ಎಂಬ ಮೂರು ಶಬ್ದಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಎದುರಿಗೆ ಪ್ರಾಸ್ಪೆಕ್ಟ್, ರೆಟ್ರೋಸ್ಪೆಕ್ಟ್, ಇಂಟ್ರೋಸ್ಪೆಕ್ಟ್ ಎಂದು ಬರೆದರೆ ಪಾಠ ಮುಗಿಯಿತು. ಕಾಲೇಜಿನವರು ಹಂಚುವ ಪ್ರಾಸ್ಪೆಕ್ಟಸ್ ಎಂದರೇನೆಂಬುದೂ ತಿಳಿಯಿತು. ಉಪಸರ್ಗ ವೇಷ ಬದಲಾಯಿಸುವುದನ್ನು ತೋರಿಸಲು ಸಜ್ಜನ ಬೇಡವಾದರೆ ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರ, ಹೆಗ್ಗುರುತು ಸಾಕು: ಹಿರಿದು ಎಂಬ ಒಂದೇ ಶಬ್ದ ಮುಂದಿನ ಅಕ್ಷರಕ್ಕೆ ತಕ್ಕಂತೆ ಹೆದ್, ಹೆಬ್, ಹೆಮ್, ಹೆಗ್ ಆಯಿತು. ಶಬ್ದವನ್ನು ಒಡೆದು ನೋಡುವ ಅಭ್ಯಾಸ ಹಚ್ಚಬೇಕೇ ಹೊರತು, ಯಾವ ಶಬ್ದದಿಂದ ಹಚ್ಚಿದರೂ ಸರಿಯೆ. ಮನೆಯ ಮಾತಿನಿಂದ ಹೊರಟವನು ಸಂಸ್ಕೃತದ ಮಾಳಿಗೆಯನ್ನೂ ಲ್ಯಾಟಿನ್ನಿನ ಮಾಳಿಗೆಯನ್ನೂ ಒಂದೇ ಏಣಿಯಿಂದ ಹತ್ತಬಲ್ಲ.

ಇದಕ್ಕೆ ಹೊಸ ಇಲಾಖೆ ಬೇಡ, ಸಮಿತಿ ಬೇಡ. ಪಠ್ಯಪುಸ್ತಕದ ಕೊನೆಯ ಶಬ್ದಾರ್ಥಗಳನ್ನು ಅಕಾರಾದಿಯಾಗಿ ಕೊಡುವ ಬದಲು ಕುಟುಂಬಗಳಾಗಿ ಕೊಡಲಿ. ಪ್ರತಿ ಕುಟುಂಬದ ಪಕ್ಕದಲ್ಲಿ ಅದರ ಕನ್ನಡದ ಜೊತೆಗಾರರನ್ನೂ ನಿಲ್ಲಿಸಲಿ. ವಾರಕ್ಕೊಂದು ಧಾತು ಸಾಕು. ಒಂದೇ ಶಾಲೆಯ ಕನ್ನಡ ಮೇಷ್ಟ್ರೂ ಇಂಗ್ಲಿಷ್ ಮೇಷ್ಟ್ರೂ ತಿಂಗಳಿಗೊಮ್ಮೆ ಒಂದೇ ಬೆಂಚಿನ ಮೇಲೆ ಕುಳಿತು ಮಾತಾಡಲಿ. ಶಿಕ್ಷಕರ ತರಬೇತಿಯಲ್ಲಿ ನಿಘಂಟಿನ ಶಬ್ದಮೂಲದ ಆವರಣವನ್ನು ಓದುವುದನ್ನು ಕಲಿಸಲಿ. ಬಹುಮಂದಿ ಅದನ್ನು ಹಾರಿಸಿ ಓದುತ್ತಾರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಕಲಿಸಲು ತೊಡಗಿದ್ದು 2007ರಲ್ಲಿ. ಎಂದಿನಿಂದ ಕಲಿಸಬೇಕೆಂಬ ಬಗ್ಗೆ ನಾವು ಆಡಿದ ಜಗಳ ಅಷ್ಟಿಷ್ಟಲ್ಲ. ಹೇಗೆ ಕಲಿಸಬೇಕೆಂಬುದರ ಬಗ್ಗೆ ಅದರ ಕಾಲು ಭಾಗವನ್ನೂ ಆಡಲಿಲ್ಲ.

ಗಿಣಿಪಾಠದಿಂದ ಶಬ್ದ ಮಾತ್ರ ಕೆಡುವುದಿಲ್ಲ, ಮನಸ್ಸೂ ಕೆಡುತ್ತದೆ. ಕನ್ನಡದಲ್ಲಿ ಓದಿದ್ದೇ ತನ್ನ ದೌರ್ಬಲ್ಯವೆಂದು ಹುಡುಗ ನಂಬತೊಡಗುತ್ತಾನೆ; ಅವನ ತಂದೆತಾಯಿ ಅವನಿಗಿಂತ ಮೊದಲೇ ನಂಬಿರುತ್ತಾರೆ. ತನ್ನ ಭಾಷೆ ತನಗೆ ಭಾರವೆಂದು ತಿಳಿದವನು ಇನ್ನೊಂದು ಭಾಷೆಯನ್ನು ಬಾಡಿಗೆಗೆ ಹಿಡಿಯಬಲ್ಲನೇ ಹೊರತು ಅದರಲ್ಲಿ ಒಕ್ಕಲಾಗಲಾರ. ಧಾತುಪಾಠ ಅವನಿಗೆ ನೂರು ಇಂಗ್ಲಿಷ್ ಶಬ್ದಗಳನ್ನು ಕೊಡುವುದಕ್ಕೆ ಮೊದಲು, ತಾನು ಬರಿಗೈಯಲ್ಲಿ ಬಂದವನಲ್ಲವೆಂಬ ಧೈರ್ಯವನ್ನು ಕೊಡುತ್ತದೆ. ಶಬ್ದಪಟ್ಟಿ ಮಾರುವವರ ಅಂಗಡಿಯಲ್ಲಿ ಆ ಸರಕು ಸಿಕ್ಕುವುದಿಲ್ಲ.